ಒಂದೇ ತಾರೀಖಿನ ಮಂದಿ

ಪ್ರೀತಿಯ ಪುಟ್ಟೀ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನೀನು ಕಳಿಸಿದ ಹಾಳೆಗಳು ತಲುಪಿದವು. ಕಾಲೇಜಿನಲ್ಲಿ ದಿನಾ ಬೆಳಿಗ್ಗೆ ‘ಇತಿಹಾಸದಲ್ಲಿ ಈ ದಿನ’ ಓದುವ ಕೆಲಸ ನಿನ್ನ ಪಾಲಿಗೆ ಬಂದಿದೆ ಅಂತ ತಿಳಿದು ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾನು ಆಫೀಸಿನ ಕರಿಹಲಗೆಯ ಮೇಲೆ ಹನ್ನೊಂದು ವರ್ಷ ಇದನ್ನೇ ಬರೆದವನು, ನಿನಗೆ ಗೊತ್ತಿರಲಿಲ್ಲ ಅಲ್ವಾ? ‘ತಪ್ಪಿದ್ದರೆ ತಿದ್ದಿ’ ಅಂತ ಕೇಳಿದ್ದೀಯ. ತಿದ್ದುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಜನವರಿ 8ರ ಹಾಳೆಯಿಂದಲೇ ಶುರು ಮಾಡೋಣ. ‘ಗೆಲಿಲಿಯೋ ತೀರಿಕೊಂಡು ಸರಿಯಾಗಿ 300 ವರ್ಷಕ್ಕೆ, ಅದೇ ದಿನ, ಸ್ಟೀಫನ್ ಹಾಕಿಂಗ್ ಹುಟ್ಟಿದರು. ಇದು ಆಕಸ್ಮಿಕವೇ?’ ಅಂತ ಬರೆದಿದ್ದೀಯ. ತಾರೀಖುಗಳು ಸರಿ ಇವೆ. ಗೆಲಿಲಿಯೋ ಹೋದದ್ದು 1642ರ ಜನವರಿ 8. ಹಾಕಿಂಗ್ ಹುಟ್ಟಿದ್ದು 1942ರ ಜನವರಿ 8. ನಿನ್ನ ಪ್ರಶ್ನೆಗೆ ಉತ್ತರ ಮಾತ್ರ ‘ಹೌದು, ಆಕಸ್ಮಿಕವೇ’. ಹಾಕಿಂಗ್ ಅವರೇ ಇದನ್ನು ತಮಾಷೆಯಾಗಿ ಹೇಳಿಕೊಂಡಿದ್ದರು. ಆವತ್ತು ಇನ್ನೂ ಸುಮಾರು ಎರಡು ಲಕ್ಷ ಮಕ್ಕಳು ಹುಟ್ಟಿರಬೇಕು, ಅವರಲ್ಲಿ ಯಾರಿಗಾದರೂ ಮುಂದೆ ಖಗೋಳದ ಹುಚ್ಚು ಹಿಡಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಅಂತ.

ಆ ಉಳಿದ ಎರಡು ಲಕ್ಷ ಮಂದಿ ನಮ್ಮ ಪಟ್ಟಿಗೆ ಬರುವುದೇ ಇಲ್ಲ. ನಮಗೆ ಮೋಸ ಆಗುವುದು ಅಲ್ಲೇ. ಹಾಕಿಂಗ್ 2018ರ ಮಾರ್ಚ್ 14ರಂದು ತೀರಿಕೊಂಡಾಗ ‘ಐನ್‌ಸ್ಟೈನ್ ಹುಟ್ಟಿದ ದಿನವೇ ಹೋದರು’ ಅಂತ ಎಲ್ಲರೂ ಬಾಯಿ ಬಿಟ್ಟರು. ಐನ್‌ಸ್ಟೈನ್ 1879ರ ಮಾರ್ಚ್ 14ರಂದು ಹುಟ್ಟಿದ್ದು ನಿಜ. ಆದರೆ ಕಾರ್ಲ್ ಮಾರ್ಕ್ಸ್ ಸತ್ತದ್ದೂ ಮಾರ್ಚ್ 14ಕ್ಕೆ, 1883ರಲ್ಲಿ. ಅದನ್ನು ಯಾರೂ ಹಾಕಿಂಗ್ ಜೊತೆ ಗಂಟು ಹಾಕಲಿಲ್ಲ. ಬೇಕಾದ್ದನ್ನು ಆರಿಸಿಕೊಂಡು, ಬೇಡದ್ದನ್ನು ಬಿಟ್ಟು, ಆಮೇಲೆ ‘ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ’ ಅನ್ನುವುದು ನಮ್ಮೆಲ್ಲರ ಚಾಳಿ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ.

ಇರುವುದು 366 ತಾರೀಖು. ಭೂಮಿಯ ಮೇಲೆ 800 ಕೋಟಿ ಜನ. ಒಂದೊಂದು ತಾರೀಖಿಗೂ ಸುಮಾರು ಎರಡು ಕೋಟಿ ಜನರ ಹುಟ್ಟುಹಬ್ಬ ಬೀಳುತ್ತದೆ. ಅಷ್ಟು ದೂರ ಯಾಕೆ, 23 ಜನ ಒಂದು ಕೋಣೆಯಲ್ಲಿ ಕೂತಿದ್ದರೆ ಅವರಲ್ಲಿ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 57 ಜನ ಇದ್ದರೆ ನೂರಕ್ಕೆ 99ರಷ್ಟು. ನಿನ್ನ ತರಗತಿಯಲ್ಲೇ ಕೇಳಿ ನೋಡು.

ಹಾಗಾದರೆ ಈ ಪಟ್ಟಿಯೇ ದಂಡವಾ ಅಂತ ಕೇಳಬಹುದು. ಅಲ್ಲ. ಒಂದು ಪ್ರಶ್ನೆ ಇಟ್ಟುಕೋ ಸಾಕು. ಎರಡು ಘಟನೆಗಳನ್ನು ಅಕ್ಕಪಕ್ಕ ಬರೆಯುವಾಗಲೆಲ್ಲ ಕೇಳಿಕೋ: ಆ ತಾರೀಖು ಇಲ್ಲಿ ಏನಾದರೂ ಕೆಲಸ ಮಾಡಿದೆಯಾ, ಸುಮ್ನೆ ಕೂತಿದೆಯಾ?

ನೀನು ಆಗಸ್ಟ್ 15ಕ್ಕೆ ನೆಪೋಲಿಯನ್ ಹುಟ್ಟಿದ್ದು (1769), ಅರವಿಂದರು ಹುಟ್ಟಿದ್ದು (1872), ಜಪಾನ್ ಶರಣಾದದ್ದು (1945), ಭಾರತಕ್ಕೆ ಸ್ವಾತಂತ್ರ್ಯ ಬಂದದ್ದು (1947), ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಿದ್ದೀಯ. ಮೊದಲ ಎರಡರಲ್ಲಿ ತಾರೀಖು ಸುಮ್ನೆ ಕೂತಿದೆ. ಕೊನೆಯ ಎರಡರಲ್ಲಿ ಹಾಗಲ್ಲ. ಆಗಸ್ಟ್ 15ನ್ನು ಆರಿಸಿದ್ದು ಮೌಂಟ್‌ಬ್ಯಾಟನ್. ಜಪಾನ್ ಶರಣಾಗಿ ಅವತ್ತಿಗೆ ಎರಡು ವರ್ಷ ತುಂಬುತ್ತದೆ ಅನ್ನುವುದೇ ಕಾರಣ ಅಂತ ಅವರೇ ಆಮೇಲೆ ಹೇಳಿದರು. ಜನವರಿ 26 ಕೂಡ ಹಾಗೆಯೇ. ನಮ್ಮ ಸಂವಿಧಾನವನ್ನು ಒಪ್ಪಿಕೊಂಡದ್ದು 1949ರ ನವೆಂಬರ್ 26. ಪೂರ್ತಿಯಾಗಿ ಜಾರಿಗೆ ತರಲು ಎರಡು ತಿಂಗಳು ಕಾದರು. 1930ರ ಜನವರಿ 26ರಂದು ದೇಶದಲ್ಲೆಲ್ಲ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ತೆಗೆದುಕೊಂಡಿದ್ದರಲ್ಲ, ಆ ದಿನ ಕಳೆದುಹೋಗಬಾರದು ಅಂತ. ಇವನ್ನು ಕಾಕತಾಳೀಯ ಅಂತ ಓದಿದರೆ, ಯೋಚನೆ ಮಾಡಿ ದಿನ ಗೊತ್ತುಮಾಡಿದವರಿಗೆ ಅನ್ಯಾಯ.

ಇನ್ನು ನವೆಂಬರ್ 9. ಆ ಹಾಳೆಯಲ್ಲಿ ನೀನು ಬರ್ಲಿನ್ ಗೋಡೆ ಬಿದ್ದದ್ದು ಒಂದನ್ನೇ ಬರೆದು ಮುಗಿಸಿದ್ದೀಯ. ಜರ್ಮನಿಯಲ್ಲಿ ಆ ತಾರೀಖಿನಷ್ಟು ಭಾರ ಹೊತ್ತ ತಾರೀಖು ಇನ್ನೊಂದಿಲ್ಲ. 1918ರ ನವೆಂಬರ್ 9ರಂದು ಅಲ್ಲಿ ಚಕ್ರವರ್ತಿಯ ಆಳ್ವಿಕೆ ಮುಗಿದು ಗಣರಾಜ್ಯದ ಘೋಷಣೆ ಆಯಿತು. 1923ರಲ್ಲಿ ಹಿಟ್ಲರ್ ಮ್ಯೂನಿಕ್‌ನಲ್ಲಿ ಬಲವಂತವಾಗಿ ಅಧಿಕಾರ ಹಿಡಿಯಲು ಹೋಗಿ ಸೋತದ್ದು ಅದೇ ದಿನ. ಆಮೇಲೆ ಅಧಿಕಾರಕ್ಕೆ ಬಂದ ನಾಜಿಗಳು ಆ ಸೋಲಿನ ನೆನಪನ್ನು ಪ್ರತಿವರ್ಷ ಆಚರಿಸತೊಡಗಿದರು. 1938ರಲ್ಲಿ ಅದಕ್ಕೆಂದೇ ಪಕ್ಷದ ದೊಡ್ಡವರೆಲ್ಲ ಮ್ಯೂನಿಕ್‌ನಲ್ಲಿ ಸೇರಿದ್ದರು. ಎರಡು ದಿನದ ಹಿಂದೆ ಪ್ಯಾರಿಸ್‌ನಲ್ಲಿ ಒಬ್ಬ ಯಹೂದಿ ಹುಡುಗ ಜರ್ಮನ್ ರಾಯಭಾರ ಕಚೇರಿಯ ಅಧಿಕಾರಿಗೆ ಗುಂಡು ಹಾರಿಸಿದ್ದ. ಆ ಅಧಿಕಾರಿ ಸತ್ತ ಸುದ್ದಿ ಅವತ್ತೇ ಸಂಜೆ ಮುಟ್ಟಿತು. ನಾಜಿಗಳ ಪ್ರಚಾರ ಮಂತ್ರಿ ಗೋಬೆಲ್ಸ್ ಅಲ್ಲೇ ಭಾಷಣ ಮಾಡಿದ. ಎಲ್ಲರೂ ಒಂದೇ ಕಡೆ ಇದ್ದದ್ದರಿಂದ ಊರೂರಿಗೆ ಆಜ್ಞೆ ಹೋಗಲು ತಡವಾಗಲಿಲ್ಲ. ಆ ರಾತ್ರಿ ದೇಶದ ತುಂಬ ಯಹೂದಿಗಳ ಪ್ರಾರ್ಥನಾ ಮಂದಿರಗಳು ಉರಿದವು. ಅಂಗಡಿಗಳ ಗಾಜು ಪುಡಿಯಾಯಿತು.

ನೋಡು, 1923 ಇಲ್ಲದಿದ್ದರೆ 1938ರಲ್ಲಿ ಅವರೆಲ್ಲ ಆ ದಿನ ಅಲ್ಲಿ ಇರುತ್ತಲೇ ಇರಲಿಲ್ಲ. ಇಲ್ಲಿ ತಾರೀಖು ಕೆಲಸ ಮಾಡಿದೆ, ಕೆಟ್ಟ ಕೆಲಸ. 1989ರ ಗೋಡೆ ಮಾತ್ರ ಬರೀ ಆಕಸ್ಮಿಕ. ಪತ್ರಿಕಾಗೋಷ್ಠಿಯಲ್ಲಿ ಕೂತ ಪೂರ್ವ ಜರ್ಮನಿಯ ವಕ್ತಾರನಿಗೆ ಪ್ರಯಾಣದ ಹೊಸ ನಿಯಮ ಯಾವಾಗಿನಿಂದ ಅಂತ ಸರಿಯಾಗಿ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕಾಗದ ತಿರುವಿಹಾಕಿ, ನನಗೆ ತಿಳಿದಂತೆ ಈಗಿನಿಂದಲೇ ಅಂದುಬಿಟ್ಟ. ಜನ ಗೋಡೆಯ ಹತ್ತಿರ ಸೇರಿಬಿಟ್ಟರು. ಅಷ್ಟು ಸಂತೋಷದ ದಿನವಾದರೂ ಜರ್ಮನಿ ಅದನ್ನು ರಾಷ್ಟ್ರೀಯ ಹಬ್ಬ ಮಾಡಲಿಲ್ಲ. 1938ರ ನೆನಪು ಅಡ್ಡ ಬಂತು. ಎರಡು ಜರ್ಮನಿ ಒಂದಾದ ಅಕ್ಟೋಬರ್ 3ನ್ನು ಇಟ್ಟುಕೊಂಡರು. ಈ ಹಾಳೆಯನ್ನು ಮತ್ತೆ ಬರೆ. ಐದು ನಿಮಿಷ ಹಿಡಿದರೂ ಪರವಾಗಿಲ್ಲ, ಕೇಳುತ್ತಾರೆ.

ಸಾವಿನ ತಾರೀಖುಗಳಲ್ಲೂ ಇಂಥವು ಸಿಗುತ್ತವೆ. 1953ರ ಮಾರ್ಚ್ 5ಕ್ಕೆ ನೀನು ‘ಸ್ಟಾಲಿನ್ ನಿಧನ’ ಅಂತ ಮಾತ್ರ ಬರೆದಿದ್ದೀಯ. ಅದೇ ದಿನ, ಅದೇ ಮಾಸ್ಕೋದಲ್ಲಿ, ಸಂಗೀತಗಾರ ಪ್ರೊಕೊಫಿಯೆವ್ ಕೂಡ ತೀರಿಕೊಂಡರು. ಸ್ಟಾಲಿನ್‌ನನ್ನು ನೋಡಲು ನೆರೆದ ಜನಸಾಗರದಲ್ಲಿ ಇವರ ಶವವನ್ನು ಮನೆಯಿಂದ ಸಾಗಿಸುವುದೇ ಕಷ್ಟವಾಯಿತು. ಇವರ ಮೇಲೆ ಇಡಲು ಹೂವು ಸಿಗಲಿಲ್ಲ, ಇದ್ದದ್ದೆಲ್ಲ ಆ ಕಡೆ ಹೋಗಿತ್ತು. ಇದನ್ನು ನಾನು ಹಲಗೆಯ ಮೇಲೆ ಬರೆದ ದಿನ ಆಫೀಸಿನಲ್ಲಿ ಎಂದೂ ಮಾತಾಡದ ಒಬ್ಬರು ಬಂದು ‘ಇದು ಚೆನ್ನಾಗಿತ್ತು’ ಅಂದರು. 1963ರ ನವೆಂಬರ್ 22 ಕೂಡ ಹಾಗೇ. ಕೆನಡಿ ಹತ್ಯೆಯಾದ ದಿನವೇ ಸಿ. ಎಸ್. ಲೂಯಿಸ್, ಆಲ್ಡಸ್ ಹಕ್ಸ್‌ಲಿ ಇಬ್ಬರು ಲೇಖಕರೂ ಹೋದರು. ಆ ಸುದ್ದಿಯ ಅಡಿಯಲ್ಲಿ ಇವು ಮುಚ್ಚಿಹೋದವು.

ಜುಲೈ 4ರ ಮಾತು ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, 1826ರ ಜುಲೈ 4ರಂದು, ಅದನ್ನು ರೂಪಿಸಿದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ ಸತ್ತರು. ಜೆಫರ್ಸನ್ ಕೆಲವು ಗಂಟೆ ಮೊದಲು. ಅದು ಆಡಮ್ಸ್‌ಗೆ ತಿಳಿಯಲೇ ಇಲ್ಲ. ಐದು ವರ್ಷದ ಮೇಲೆ ಅಮೆರಿಕದ ಇನ್ನೊಬ್ಬ ಮಾಜಿ ಅಧ್ಯಕ್ಷ ಜೇಮ್ಸ್ ಮನ್ರೋ ಕೂಡ ಜುಲೈ 4ಕ್ಕೇ ಹೋದರು. ಜೆಫರ್ಸನ್ ಹಿಂದಿನ ರಾತ್ರಿ ‘ನಾಲ್ಕನೇ ತಾರೀಖು ಬಂತಾ?’ ಅಂತ ಕೇಳಿದ್ದರಂತೆ. ಆ ದಿನ ಕಾಣಲೇಬೇಕು ಅಂತ ಜೀವ ಹಿಡಿದಿದ್ದರೋ ಏನೋ. ತಾರೀಖು ಇಲ್ಲಿ ಕೆಲಸ ಮಾಡಿದೆಯಾ? ನೀನೇ ತೀರ್ಮಾನ ಮಾಡು.

ಈಗ ನನ್ನ ತಪ್ಪಿನ ಕಥೆ. ಒಮ್ಮೆ ಏಪ್ರಿಲ್ 23ಕ್ಕೆ, ‘1616ರಲ್ಲಿ ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಒಂದೇ ದಿನ ತೀರಿಕೊಂಡರು’ ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಸಂಜೆ ಯಾರೋ ಅದರ ಕೆಳಗೆ ಸೀಮೆಸುಣ್ಣದಲ್ಲಿ ‘ಯಾವ ಕ್ಯಾಲೆಂಡರ್?’ ಅಂತ ಬರೆದು ಹೋಗಿದ್ದರು. ಹುಡುಕಿ ನೋಡಿದರೆ, ಸ್ಪೇನ್ ಆಗಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಿತ್ತು. ಇಂಗ್ಲೆಂಡ್ ಹಳೆಯ ಜೂಲಿಯನ್‌ನಲ್ಲೇ ಇತ್ತು. ಎರಡಕ್ಕೂ ಹತ್ತು ದಿನ ವ್ಯತ್ಯಾಸ. ಶೇಕ್ಸ್‌ಪಿಯರ್ ಸತ್ತದ್ದು ಹೊಸ ಲೆಕ್ಕದಲ್ಲಿ ಮೇ 3. ಸರ್ವಾಂಟಿಸ್ ಹೋದದ್ದು 22ಕ್ಕೆ, ಮಣ್ಣಾದದ್ದು 23ಕ್ಕೆ. ಒಂದೇ ಸಾಲಿನಲ್ಲಿ ಎರಡು ತಪ್ಪು! ನಿನ್ನ ಹಾಳೆಯಲ್ಲೂ ಇದೇ ಸಾಲು ಇದೆ, ಅದಕ್ಕೇ ಹೇಳಿದೆ.

ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ್ದು ಅನ್ನುವುದೂ ಇದೇ ಜಾತಿಯ ಮಾತು. ನ್ಯೂಟನ್ ಹುಟ್ಟಿದ 1642ರ ಡಿಸೆಂಬರ್ 25 ಇಂಗ್ಲೆಂಡಿನ ಹಳೆಯ ಲೆಕ್ಕ. ಹೊಸದರಲ್ಲಿ ಅದು 1643ರ ಜನವರಿ 4. ಎರಡನ್ನೂ ಹಳೆಯ ಲೆಕ್ಕಕ್ಕೇ ತಂದರೆ ಗೆಲಿಲಿಯೋ 1641ರ ಡಿಸೆಂಬರ್ 29ಕ್ಕೆ ಜಾರುತ್ತಾರೆ. ಯಾವ ಕ್ಯಾಲೆಂಡರ್ ಹಿಡಿದರೂ ವರ್ಷ ಒಂದಾಗುವುದಿಲ್ಲ. ಬೆರಕೆ ಮಾಡಿದರಷ್ಟೇ ಒಂದಾಗುತ್ತದೆ.

ಹಾಗಾಗಿ ಹೊಸ ಕ್ಯಾಲೆಂಡರ್ ಬಂದ 1582ರ ನಂತರದ ಯೂರೋಪಿನ ಯಾವ ತಾರೀಖು ಕಂಡರೂ ಯಾವ ದೇಶ ಅಂತ ಕೇಳು. ಇಟಲಿ, ಸ್ಪೇನ್, ಪೋರ್ಚುಗಲ್ ಆ ವರ್ಷವೇ ಬದಲಾದವು. ಬ್ರಿಟನ್ 1752ರಲ್ಲಿ, ರಷ್ಯಾ 1918ರಲ್ಲಿ. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ ನವೆಂಬರ್ 7ಕ್ಕೆ ಬರುವುದು ಅದಕ್ಕೇ. 1582ರಲ್ಲಿ ಅಕ್ಟೋಬರ್ 4ರ ಮಾರನೆಯ ದಿನವೇ ಅಕ್ಟೋಬರ್ 15. ಸ್ಪೇನಿನ ಸಂತ ತೆರೇಸಾ ಪ್ರಾಣ ಬಿಟ್ಟದ್ದು ಸರಿಯಾಗಿ ಆ ರಾತ್ರಿ. ಅವರ ಹಬ್ಬ ಈಗ ಅಕ್ಟೋಬರ್ 15ಕ್ಕೆ. ನಡುವಿನ ಹತ್ತು ದಿನಗಳಲ್ಲಿ, ಆ ದೇಶಗಳಲ್ಲಿ, ಆ ವರ್ಷ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ. ಆ ದಿನಗಳೇ ಇರಲಿಲ್ಲ.

ಗಡಿಯಾರದ ತಕರಾರು ಇನ್ನೊಂದು. ಪರ್ಲ್ ಹಾರ್ಬರ್ ದಾಳಿ ಹವಾಯಿಯಲ್ಲಿ 1941ರ ಡಿಸೆಂಬರ್ 7, ಜಪಾನಿನಲ್ಲಿ 8. ಮಲಯದ ಕರಾವಳಿಯಲ್ಲಿ ಜಪಾನಿ ಸೇನೆ ಇಳಿದದ್ದು 8ಕ್ಕೆ ಅಂತ ಪುಸ್ತಕದಲ್ಲಿರುತ್ತದೆ. ಆದರೆ ಅದು ಪರ್ಲ್ ಹಾರ್ಬರ್‌ಗಿಂತ ಒಂದು ಗಂಟೆಗೂ ಮೊದಲೇ ಶುರುವಾಗಿತ್ತು!

ಹುಟ್ಟಿದವರ ಪಟ್ಟಿಯನ್ನು ದಯವಿಟ್ಟು ಕತ್ತರಿಸು. ಒಂದೊಂದು ದಿನಕ್ಕೆ ಹದಿನಾಲ್ಕು ಹೆಸರು, ಅದರಲ್ಲಿ ಒಂಬತ್ತು ನಟನಟಿಯರು. ಹುಟ್ಟಿದ ದಿನ ಎಲ್ಲರೂ ಮಾಡಿದ್ದು ಒಂದೇ ಕೆಲಸ, ಅಳುವುದು. ಮೂರು ಹೆಸರು ಸಾಕು. ಬೀಥೋವನ್‌ಗೆ ಡಿಸೆಂಬರ್ 16 ಅಂತ ಖಚಿತವಾಗಿ ಬರೆಯಬೇಡ, ದಾಖಲೆ ಇರುವುದು 17ರ ದೀಕ್ಷಾಸ್ನಾನಕ್ಕೆ ಮಾತ್ರ. ಡಾರ್ವಿನ್ ಮತ್ತು ಲಿಂಕನ್ ಇಬ್ಬರೂ 1809ರ ಫೆಬ್ರವರಿ 12ರಂದೇ ಹುಟ್ಟಿದ್ದನ್ನು ಮಾತ್ರ ಇರಲಿ ಬಿಡು. ಒಂದು ಕೂಸು ಶ್ರೀಮಂತ ವೈದ್ಯರ ಮನೆಯಲ್ಲಿ, ಇನ್ನೊಂದು ಮರದ ದಿಮ್ಮಿಯ ಗುಡಿಸಲಲ್ಲಿ. ತಾರೀಖು ಏನೂ ಕೆಲಸ ಮಾಡಿಲ್ಲ, ಆದರೂ ನನಗೆ ಇಷ್ಟ. ನನ್ನ ನಿಯಮವನ್ನು ನಾನೇ ಮುರಿಯುತ್ತಿದ್ದೇನೆ.

ಫೆಬ್ರವರಿ 29ರ ಹಾಳೆ ಖಾಲಿ ಬಿಟ್ಟಿದ್ದೀಯ. ಯಾಕೆ? ಇಟಲಿಯ ಸಂಗೀತಗಾರ ರೊಸ್ಸಿನಿ ಇದ್ದಾರೆ, 1792. ನಮ್ಮ ಮೊರಾರ್ಜಿ ದೇಸಾಯಿ ಇದ್ದಾರೆ, 1896. ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ವರ್ಷ ಅಧಿಕ ವರ್ಷವಲ್ಲ, ಹಾಗಾಗಿ 1900ರಲ್ಲಿ ಆ ತಾರೀಖು ಬರಲೇ ಇಲ್ಲ. ದೇಸಾಯಿಯವರು ಹುಟ್ಟಿದ ಮೇಲೆ ಆ ತಾರೀಖು ಮತ್ತೆ ಕ್ಯಾಲೆಂಡರಿನಲ್ಲಿ ಕಾಣಿಸಿಕೊಂಡಾಗ ಅವರಿಗೆ ಎಂಟು ವರ್ಷ ತುಂಬಿತ್ತು. ಇದನ್ನು ಓದು. ಯಾರಾದರೂ ನಕ್ಕರೆ ನನಗೆ ತಿಳಿಸು.

ನಿನ್ನ ದೊಡ್ಡಪ್ಪ