ಮಂಗಳವಾರದ ಕ್ಲಾಸಿಗೆ ಮುಂಚೆ, ಮಗಳಿಗೊಂದು ಪತ್ರ

ಪುಟ್ಟಿ,

ಕನ್ನಡ ಓದುವುದು ನಿನಗೆ ನಿಧಾನ ಅಂತ ಗೊತ್ತು. ಆದರೂ ಇದನ್ನು ಇಂಗ್ಲಿಷಿನಲ್ಲಿ ಬರೆಯಲು ನನಗೆ ಮನಸ್ಸು ಬರಲಿಲ್ಲ.

"ಬರೀ 0.06 ಅಮ್ಮಾ, 21 ಆಗಿದ್ದಿದ್ರೆ ಕೇಸೇ ಆಗ್ತಿರಲಿಲ್ಲ" ಅಂತ ನಿನ್ನೆ ಅಳುತ್ತಾ ಹೇಳಿದೆಯಲ್ಲ, ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಕಾರು ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಶೇಕಡಾ ಎಷ್ಟಿದೆ ಅನ್ನುವ ಲೆಕ್ಕ ಅದು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 21 ತುಂಬಿದವರಿಗೆ ಮಿತಿ 0.08, ನಿನ್ನ ವಯಸ್ಸಿನವರಿಗೆ 0.01. ಅದಕ್ಕೇ ಒಂದು ವರ್ಷ ಲೈಸೆನ್ಸ್ ಹೋಯಿತು, ಈಗ ಕುಡಿದು ಓಡಿಸಿದವರಿಗಿರುವ ಈ ಕ್ಲಾಸು. ಆದರೆ ನಮ್ಮ ಹಾಸನದಲ್ಲಾಗಿದ್ದರೆ ಯಾವ ವಯಸ್ಸಿಗೂ ಮಿತಿ 0.03. ಅದರ ಎರಡರಷ್ಟು ನಿನ್ನ ರಕ್ತದಲ್ಲಿತ್ತು ಮಗಳೇ.

ನಾನು ಹಾಸನದಲ್ಲಿ ನರ್ಸ್ ಆಗಿದ್ದಾಗ ಒಂದು ರಾತ್ರಿ ಕ್ಯಾಶುವಾಲ್ಟಿಗೆ ಒಬ್ಬ ಹುಡುಗ ಬಂದ. ಬೈಕು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಜ್ಜನಿಗೆ ಗುದ್ದಿದ್ದ. "ನಾನು ಸರಿಯಾಗೇ ಇದ್ದೆ ಸಿಸ್ಟರ್" ಅಂತ ಅದನ್ನೇ ಹೇಳುತ್ತಿದ್ದ. ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಕುಡಿದಾಗ ಮೊದಲು ಮಂಕಾಗುವುದೇ 'ನಾನು ಓಡಿಸಬಲ್ಲೆನಾ' ಅಂತ ಅಳೆಯುವ ಬುದ್ಧಿ. ಅಜ್ಜ ಉಳಿಯಲಿಲ್ಲ. ಹುಡುಗ ಎರಡು ವಾರ ಡ್ರೆಸಿಂಗಿಗೆ ಬಂದ. ಯಾರೂ ಅವನ ಹತ್ತಿರ ಕೂತು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಗಾಯ ಕಟ್ಟುವುದಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ. ಆ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಅದಕ್ಕೇ ಈ ಕ್ಲಾಸನ್ನು ದಂಡ ಅಂದುಕೊಳ್ಳಬೇಡ. ಅಲ್ಲಿ ಲೆಕ್ಕ ಹೇಳಿಕೊಡುತ್ತಾರೆ, ಗಮನ ಕೊಟ್ಟು ಕೇಳು. ಲಿವರ್‌ಗೆ ಅವಸರವಿಲ್ಲ. ಗಂಟೆಗೆ ಸುಮಾರು 0.015 ಅಷ್ಟೇ ಇಳಿಯುತ್ತದೆ. ನಿನ್ನ 0.06 ಸೊನ್ನೆಯಾಗಲು ನಾಲ್ಕು ಗಂಟೆ ಬೇಕಿತ್ತು, ನೀನು ಕಾದಿದ್ದು ಅರ್ಧ ಗಂಟೆ. ಕಾಫಿ ಕುಡಿದರೂ, ತಣ್ಣೀರು ಸುರಿದುಕೊಂಡರೂ ಅದು ಬೇಗ ಇಳಿಯಲ್ಲ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ. ಹಾಗಾಗಿ ಅಷ್ಟೇ ಕುಡಿದ ಗಂಡುಹುಡುಗನಿಗಿಂತ ನಿನಗೆ ಜಾಸ್ತಿ ಏರುತ್ತದೆ. ಗಾಂಜಾ ಬಗ್ಗೆಯೂ ಕೇಳು. ಇಲ್ಲಿ ಅಂಗಡಿಯಲ್ಲಿ ಸಿಗುತ್ತದೆ ಅಂದಮಾತ್ರಕ್ಕೆ ಅದನ್ನು ಸೇದಿ ಕಾರು ಓಡಿಸಬಹುದು ಅಂತಲ್ಲ.

ಎಷ್ಟು ಕುಡಿಯುತ್ತೀಯ, ಯಾಕೆ ಕುಡಿಯುತ್ತೀಯ ಅಂತ ಅಲ್ಲಿ ಕೇಳುತ್ತಾರೆ. ನಿಜ ಹೇಳು. ನನಗೆ ಹೇಳಲಾಗದ್ದನ್ನೂ ಅಲ್ಲಿ ಹೇಳು.

ಮಂಗಳವಾರ ಆರು ಗಂಟೆಗೆ ನಾನೇ ಬಿಡುತ್ತೇನೆ. ಮುಗಿಯುವವರೆಗೆ ಹೊರಗೆ ಕಾರಿನಲ್ಲೇ ಇರುತ್ತೇನೆ. ಚಪಾತಿ ಪಲ್ಯ ಕಟ್ಟಿಕೊಂಡು ಬರುತ್ತೇನೆ, ವಾಪಸ್ ಬರುವಾಗ ತಿನ್ನೋಣ.

ಅಮ್ಮ