27 ಕೋಟಿ ಜಾಸ್ತಿಯಾ, ಕಡಿಮೆಯಾ?

ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ನೈಟ್ ಡ್ಯೂಟಿ ಮುಗಿಸಿ ಸಿಟ್ಟಿನಲ್ಲೇ ಬರೆದಿದ್ದೀಯ ಅನ್ನಿಸಿತು. ಐಪಿಎಲ್ ಹರಾಜಿನಲ್ಲಿ ಕ್ರಿಕೆಟಿಗ ರಿಷಭ್ ಪಂತ್‌ಗೆ 27 ಕೋಟಿ, ಐಸಿಯುನಲ್ಲಿ ನಿಲ್ಲುವ ನಮಗೆ ಇಷ್ಟೇನಾ ಅಂತ. ಅಪ್ಪ ಓದಿ "ಸರಿಯಾಗೇ ಕೇಳಿದ್ದಾಳೆ" ಅಂದರು. ನಿನ್ನ ಸಂಬಳ ಕಡಿಮೆ, ಅದು ನಿಜ. ಆದರೆ ಪಂತ್‌ಗೆ ಜಾಸ್ತಿ ಕೊಟ್ಟರು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಲೆಕ್ಕ ನೋಡು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಹೋಗಿದ್ದು 48,390 ಕೋಟಿಗೆ, ಅಂದರೆ ವರ್ಷಕ್ಕೆ ಹೆಚ್ಚುಕಮ್ಮಿ 9,700 ಕೋಟಿ. ಪಂತ್‌ನನ್ನು ಕೊಂಡ ಹರಾಜಿಗೆ ಒಂದೊಂದು ತಂಡ ಆಟಗಾರರಿಗೆ ಅಂತ ಖರ್ಚು ಮಾಡಬಹುದಾಗಿದ್ದದ್ದು, ಮೊದಲೇ ಉಳಿಸಿಕೊಂಡವರನ್ನೂ ಸೇರಿಸಿ, 120 ಕೋಟಿ. ಹತ್ತು ತಂಡಕ್ಕೆ 1,200 ಕೋಟಿ. ಮ್ಯಾಚ್ ಫೀ ಗೀ ಎಲ್ಲ ಸೇರಿಸಿದರೂ ಪ್ರಸಾರದ ದುಡ್ಡಿನಲ್ಲಿ ಆರನೇ ಒಂದು ಪಾಲು ದಾಟುವುದಿಲ್ಲ. ಟಿಕೆಟ್ಟು, ಜರ್ಸಿ ಮೇಲಿನ ಜಾಹೀರಾತು ಬೇರೆ! ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆದಾಯದ ಸುಮಾರು ಅರ್ಧ ಆಟಗಾರರಿಗೇ ಹೋಗುತ್ತದೆ, ಯಾಕೆಂದರೆ ಅಲ್ಲಿ ಅವರಿಗೆ ಯೂನಿಯನ್ ಇದೆ, ಎದುರು ಕೂತು ಚೌಕಾಸಿ ಮಾಡುತ್ತಾರೆ. ನಮ್ಮ ತೋಟದ ಕಾಫಿಗೆ ನಮಗೆ ಸಿಗುವ ರೇಟು, ಬೆಂಗಳೂರಿನಲ್ಲಿ ನೀನು ಒಂದು ಕಪ್ಪಿಗೆ ಕೊಡುವ ರೇಟು, ಅದೇ ಕಥೆ.

ಪಂತ್‌ಗೆ 7 ಕೋಟಿ ಸಾಕು ಅಂದುಕೋ. ಉಳಿದ 20 ಕೋಟಿ ನಿನ್ನ ಆಸ್ಪತ್ರೆಗೇನೂ ಬರುವುದಿಲ್ಲ ಅಲ್ವಾ? ಅವನ ಒಂದು ಸಿಕ್ಸರ್ ಅನ್ನು ಕೋಟಿಗಟ್ಟಲೆ ಜನ ಒಟ್ಟಿಗೆ ನೋಡುತ್ತಾರೆ, ನಡುವೆ ಜಾಹೀರಾತೂ ನೋಡುತ್ತಾರೆ. ನೀನು ಒಬ್ಬ ಪೇಷಂಟ್ ಹತ್ತಿರ ಇದ್ದಾಗ ಇನ್ನೊಬ್ಬರ ಹತ್ತಿರ ಇರುವುದಕ್ಕಾಗಲ್ಲ. ಸಂಬಳದ ಅಂತರ ಅಲ್ಲಿ ಹುಟ್ಟುವುದು. ಯಾರ ಕೆಲಸ ದೊಡ್ಡದು ಅಂತ ಹರಾಜಿನಲ್ಲಿ ಯಾರೂ ಕೇಳುವುದಿಲ್ಲ. ನಿನ್ನ ಸಂಬಳದ ಜಗಳ ಆಸ್ಪತ್ರೆಯವರ ಜೊತೆ ಆಡು, ನಾನೂ ನಿನ್ನ ಕಡೆಗೇ.

ಹೆಣ್ಣುಮಕ್ಕಳ ಲೀಗಿನದು ಇನ್ನೊಂದು ತಮಾಷೆ. ಡಬ್ಲ್ಯುಪಿಎಲ್ ಪ್ರಸಾರದ ಹಕ್ಕು ಐದು ವರ್ಷಕ್ಕೆ 951 ಕೋಟಿ. 2023ರಲ್ಲಿ ಐದು ತಂಡಕ್ಕೆ ತಲಾ 12 ಕೋಟಿ, ಅಂದರೆ ಒಂದು ವರ್ಷದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಆಟಗಾರ್ತಿಯರಿಗೆ. ಗಂಡಸರಿಗಿಂತ ದೊಡ್ಡ ಪಾಲೇ, ಆದರೆ ಗಂಟೇ ಚಿಕ್ಕದು. ಹಾಗಾಗಿ ಆ ಹರಾಜಿನಲ್ಲಿ ಎಲ್ಲರಿಗಿಂತ ಜಾಸ್ತಿ ಪಡೆದ ಸ್ಮೃತಿ ಮಂಧಾನಗೂ 3.40 ಕೋಟಿ.

ನಿಜವಾಗಿ ಮೋಸ ಹೋದವರು ಅದಕ್ಕೂ ಮೊದಲಿನವರು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದರು. ಊರಿಗೆ ಊರೇ ಟಿವಿ ಮುಂದೆ ಕೂತಿತ್ತು. ಹೆಣ್ಣುಮಕ್ಕಳ ಹರಾಜು ಶುರುವಾಗಿದ್ದು 2023ರಲ್ಲಿ. ನಡುವಿನ ಅಷ್ಟು ವರ್ಷ ಅವರ ಆಟಕ್ಕೆ ಬೆಲೆಯೇ ಇರಲಿಲ್ಲ ಅಂತೀಯಾ?

ಅಮ್ಮ
ಚಿಕ್ಕಮಗಳೂರು