ಕೆರೆದು ಹಾಕಿದ ಚಿತ್ರಗಳ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಮಕ್ಕಳು ಮನೆಗೆ ತಂದ ಚಿತ್ರಗಳನ್ನು ನೋಡಿ ನಿಮ್ಮಲ್ಲಿ ಕೆಲವರು ನನಗೆ ಫೋನ್ ಮಾಡಿದಿರಿ. ‘ಬಣ್ಣ ಎಲ್ಲಾ ಕೆರೆದು ಹಾಕಿದ್ದಾನೆ, ಡ್ರಾಯಿಂಗ್ ಟೀಚರ್ ಯಾಕೆ ಸುಮ್ನಿದ್ರು?’ ಎಂದು ಕೇಳಿದಿರಿ. ಅವರು ಸುಮ್ಮನಿರಲಿಲ್ಲ. ಕೆರೆಯುವುದನ್ನು ಹೇಳಿಕೊಟ್ಟವರೇ ಅವರು.

ಎಂಟನೇ ತರಗತಿಯವರು ಈ ತಿಂಗಳು ಹಳೆಯ ಕಾಲದ ಪಾಳು ಕಟ್ಟಡಗಳನ್ನು ಇವತ್ತಿನ ಕಲಾವಿದರು ಹೇಗೆ ಚಿತ್ರಕ್ಕೆ ತರುತ್ತಾರೆ ಎಂದು ನೋಡುತ್ತಿದ್ದಾರೆ, ತಾವೂ ಬಿಡಿಸುತ್ತಿದ್ದಾರೆ. ಮೊದಲ ದಿನ ಹೆಚ್ಚುಕಡಿಮೆ ಎಲ್ಲರದೂ ಒಂದೇ ಚಿತ್ರ. ಮುರಿದ ಎರಡು ಕಂಬ, ಹಿಂದೆ ಮುಳುಗುವ ಸೂರ್ಯ. ಅಂದವಾಗಿತ್ತು, ಆದರೆ ಅಂಥದ್ದನ್ನು ಕ್ಯಾಲೆಂಡರಿನಲ್ಲೂ ನೋಡಬಹುದು, ಅಲ್ವಾ?

ಆಮೇಲೆ ಅವರಿಗೆ ಆನ್ಸೆಲ್ಮ್ ಕೀಫರ್ ಅವರ ಚಿತ್ರಗಳನ್ನು ತೋರಿಸಿದೆವು. ಇವರು ಹುಟ್ಟಿದ್ದು 1945ರಲ್ಲಿ, ಜರ್ಮನಿಯಲ್ಲಿ. ಎರಡನೇ ಮಹಾಯುದ್ಧದ ಕೊನೆಯ ತಿಂಗಳುಗಳವು. ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆಯೇ ಅವರ ಬಾಲ್ಯದ ಆಟದ ಸಾಮಾನು. ಮುಂದೆ ದೊಡ್ಡ ದೊಡ್ಡ ಕ್ಯಾನ್ವಾಸ್‌ಗಳಲ್ಲಿ ಪುರಾತನ ಮಣ್ಣಿನ ಗೋಪುರಗಳನ್ನು, ಇಟ್ಟಿಗೆಯ ಪಿರಮಿಡ್‌ಗಳನ್ನು ತಂದರು. ಬರೀ ಬಣ್ಣದಲ್ಲಲ್ಲ. ಮರಳು, ಬೂದಿ, ಹುಲ್ಲು, ಸೀಸ ಎಲ್ಲ ಅದರಲ್ಲಿವೆ. ಮೇಲಿನ ಪದರ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಹಾಳಾದ ಗೋಡೆಯ ಚಿತ್ರ ಇಲ್ಲ, ಚಿತ್ರವೇ ಹಾಳಾದ ಗೋಡೆಯಂತಿದೆ. ಮಕ್ಕಳಿಗೆ ಇದು ಬೇಗ ಅರ್ಥವಾಯಿತು. ನನಗೆ ಸ್ವಲ್ಪ ತಡವಾಯಿತು.

ಸೈ ಟ್ವಾಂಬ್ಲಿ ಅವರದು ಬೇರೆ ದಾರಿ. ಈ ಅಮೆರಿಕನ್ ಕಲಾವಿದ 1957ರಲ್ಲಿ ರೋಮ್‌ಗೆ ಹೋಗಿ ನೆಲೆಸಿದರು. ಅವರ ಎಷ್ಟೋ ಚಿತ್ರಗಳು ಬಿಳಿ ಗೋಡೆ ಮೇಲೆ ಗೀಚಿದ ಹಾಗೆ ಕಾಣುತ್ತವೆ. ‘ಇದನ್ನು ನಮ್ಮ ಮಗುವೂ ಗೀಚುತ್ತೆ’ ಎನ್ನುತ್ತೀರಿ, ಗೊತ್ತು. ಆದರೆ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ, ಇಟಲಿಯ ಪೊಂಪೆ ಎಂಬ ಊರಿನ ಗೋಡೆಗಳ ಮೇಲೆ ಜನ ಗೀಚಿದ ಸಾವಿರಾರು ಬರಹಗಳಿವೆ. ಹೆಸರು, ಬೈಗುಳ, ಪ್ರೀತಿಯ ಮಾತು. ಆ ಗೋಡೆ ನೋಡಿ ಬಂದು ಈ ಚಿತ್ರ ನೋಡಿದರೆ ಗೀಚು ಬೇರೆಯೇ ಆಗಿ ಕಾಣುತ್ತದೆ.

ಮಕ್ಕಳು ಜಾಸ್ತಿ ಖುಷಿಪಟ್ಟಿದ್ದು ಮಾತ್ರ ಒಂದು ಹಳೇ ಚಿತ್ರಕ್ಕೆ. 1796ರಲ್ಲಿ ಹ್ಯೂಬರ್ಟ್ ರಾಬರ್ಟ್ ಎಂಬ ಫ್ರೆಂಚ್ ಕಲಾವಿದ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಪಾಳುಬಿದ್ದಿರುವಂತೆ ಬಿಡಿಸಿದ. ಅದು ಸಾರ್ವಜನಿಕರಿಗೆ ತೆರೆದು ಆಗ ಮೂರೇ ವರ್ಷ! ತಕ್ಷಣ ನಮ್ಮ ಮಕ್ಕಳೂ ಶಾಲೆಯನ್ನು ಪಾಳುಬೀಳಿಸಲು ಹೊರಟರು. ಒಬ್ಬ ನನ್ನ ಆಫೀಸಿನಲ್ಲೇ ಮರ ಬೆಳೆಸಿದ್ದಾನೆ. ಕುರ್ಚಿ ಮಾತ್ರ ಗಟ್ಟಿಯಾಗಿದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಬ್ಬ ಹುಡುಗಿ ಚೆಂದದ ನೀಲಿ ಬಾಗಿಲು ಬಿಡಿಸಿ, ಅದರ ಮೇಲೆಲ್ಲ ಬೂದಿ, ಗೋಂದು ಕಲಸಿ ಮೆತ್ತಿದ್ದಳು. ‘ಅಯ್ಯೋ, ಚೆನ್ನಾಗಿತ್ತಲ್ಲಮ್ಮಾ’ ಎಂದೆ. ‘ಬಾಗಿಲು ಒಳಗೇ ಇದೆ ಮೇಡಂ, ಮುಟ್ಟಿ ನೋಡಿ’ ಎಂದಳು. ಮುಟ್ಟಿದೆ. ಚೌಕಟ್ಟಿನ ಅಂಚು ಬೆರಳಿಗೆ ಸಿಕ್ಕಿತು.

ಹಾಗಾಗಿ ಮನೆಯಲ್ಲಿ ಚಿತ್ರ ತಿದ್ದಬೇಡಿ, ತಿದ್ದಿಸಲೂಬೇಡಿ. ಯಾವುದಾದರೂ ಹಳೆಯ ಸ್ಮಾರಕಕ್ಕೆ ಹೋದರೆ ಅಲ್ಲಿಂದ ಕಲ್ಲಿನ ಚೂರು, ಇಟ್ಟಿಗೆ ಚೂರು ತರಲು ಬಿಡಬೇಡಿ. ಪೆನ್ಸಿಲ್, ಪುಸ್ತಕ ಸಾಕು. ಚಿತ್ರಕಲೆ ತರಗತಿ ಇರುವ ದಿನ ಒಂದು ಹಳೇ ಅಂಗಿ ಕಳಿಸಿ.

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಸಭಾಂಗಣದಲ್ಲಿ ಪ್ರದರ್ಶನವಿದೆ. ನೀಲಿ ಬಾಗಿಲಿನ ಚಿತ್ರವನ್ನು ನೀವೂ ಮುಟ್ಟಬಹುದು, ಅವಳು ಒಪ್ಪಿದ್ದಾಳೆ. ಪ್ರದರ್ಶನ ಮುಗಿದ ಮೇಲೆ ಚಿತ್ರಗಳು ಮನೆಗೆ ಬರುತ್ತವೆ. ಗೋಡೆಗೆ ತೂಗುಹಾಕುವವರು ಕೆಳಗೆ ಒಂದು ಹಳೇ ಪೇಪರ್ ಹಾಸಿ, ಕೆಲವು ದಿನ ಮರಳು ಉದುರುತ್ತದೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ